ಚಂದ್ರಯಾನದ ದಾರಿ ತಡೆದ ಕೊಳವೆ

1968ರ ಏಪ್ರಿಲ್ 4. ಫ್ಲಾರಿಡಾದಿಂದ ಮಾನವರಹಿತ ಅಪೊಲೊ 6 ನೌಕೆಯನ್ನು ಹೊತ್ತ ಸ್ಯಾಟರ್ನ್ 5 ರಾಕೆಟ್ ಮೇಲೇರಿತು. ದಾರಿಯಲ್ಲೇ ಎರಡನೇ ಹಂತದ ಐದು ಎಂಜಿನ್‌ಗಳಲ್ಲಿ ಎರಡು ಕೈಕೊಟ್ಟವು. ಭೂಮಿಗೆ ಎರಡು ಸುತ್ತು ಹಾಕಿದ ಮೇಲೆ ತುದಿಯ ಹಂತದ ಎಂಜಿನ್ ಮತ್ತೆ ಹೊತ್ತಿಕೊಳ್ಳಬೇಕಿತ್ತು. ಹೊತ್ತಲಿಲ್ಲ.

ಚಂದ್ರಯಾನದ ಅಳಿವು ಉಳಿವು ನಿಂತಿದ್ದುದೇ ಆ ಮರುಚಾಲನೆಯ ಮೇಲೆ. ಎಸ್-4ಬಿ ಎಂಬ ಈ ಮೇಲಿನ ಹಂತಕ್ಕೆ ಇದ್ದದ್ದು ಜೆ-2 ಎಂಬ ಒಂದೇ ಎಂಜಿನ್. ಮೈನಸ್ 253 ಡಿಗ್ರಿಯ ದ್ರವ ಜಲಜನಕವನ್ನು ದ್ರವ ಆಮ್ಲಜನಕದೊಂದಿಗೆ ಉರಿಸಿ ಅದು ನೌಕೆಯನ್ನು ಕಕ್ಷೆಗೆ ಸೇರಿಸಬೇಕು. ಆಮೇಲೆ ಗಂಟೆಗಟ್ಟಲೆ ಕಾದು, ಇನ್ನೊಮ್ಮೆ ಹೊತ್ತಿ ಚಂದ್ರನತ್ತ ನೂಕಬೇಕು.

ಪರೀಕ್ಷೆಗಳೇನೂ ಕಡಿಮೆಯಾಗಿರಲಿಲ್ಲ. ತೂಕವಿಲ್ಲದ ಸ್ಥಿತಿಯಲ್ಲಿ ಜಲಜನಕ ಹೇಗೆ ವರ್ತಿಸುತ್ತದೆಂದು ನೋಡಲು 1966ರ ಜುಲೈನಲ್ಲಿ ಟ್ಯಾಂಕಿನೊಳಗೇ ಟಿ.ವಿ. ಕ್ಯಾಮೆರಾ ಇಟ್ಟು ಹಾರಿಸಿದ್ದರು. 1967ರ ಜನವರಿ 20ರಂದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಪರೀಕ್ಷಾ ಕೇಂದ್ರದಲ್ಲಿ ಎಂಜಿನ್ ಹೊತ್ತಿಸುವ ಮೊದಲೇ ಇಡೀ ಹಂತ ಸಿಡಿದು ಚೂರಾಯಿತು. ಹೀಲಿಯಂ ಗೋಳವೊಂದರ ಬೆಸುಗೆಗೆ ತಪ್ಪು ಲೋಹ ಬಳಸಿದ್ದೇ ಕಾರಣ. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ.

ಅಪೊಲೊ 6ರ ದೋಷ ಮಾತ್ರ ನೆಲದ ಮೇಲೆ ಒಮ್ಮೆಯೂ ತಲೆದೋರಿರಲಿಲ್ಲ. ದೋಷವಿದ್ದದ್ದು ಎಂಜಿನ್‌ಗೆ ಕಿಡಿ ಕೊಡುವ ಭಾಗಕ್ಕೆ ಜಲಜನಕ ಒಯ್ಯುವ ಸಣ್ಣ ಕೊಳವೆಯಲ್ಲಿ. ಬಾಗಲು ಅನುಕೂಲವಾಗುವಂತೆ ಅದಕ್ಕೆ ಹಾರ್ಮೋನಿಯಂ ತಿದಿಯ ಹಾಗೆ ನೆರಿಗೆಗಳಿದ್ದವು. ನೆಲದ ಮೇಲೆ ಪರೀಕ್ಷಿಸುವಾಗ ಅತಿಶೀತಕ್ಕೆ ಸುತ್ತಲಿನ ಗಾಳಿಯೇ ದ್ರವವಾಗಿ ನೆರಿಗೆಗಳನ್ನು ಕವಿದು, ಅವುಗಳ ಕಂಪನವನ್ನು ತಗ್ಗಿಸುತ್ತಿತ್ತು. ಬಾಹ್ಯಾಕಾಶದಲ್ಲಿ ಗಾಳಿಯೆಲ್ಲಿ? ಕೊಳವೆ ಅದುರಿ ಅದುರಿ ಮುರಿಯಿತು. ಎಂಜಿನಿಯರ್‌ಗಳು ನಿರ್ವಾತ ಕೋಣೆಯಲ್ಲಿ ಎಂಟು ಕೊಳವೆಗಳನ್ನು ಪರೀಕ್ಷಿಸಿದರು, ಎಂಟೂ ಮುರಿದವು. ನೆರಿಗೆ ತೆಗೆದು ಗಟ್ಟಿ ಬಾಗುಗಳಿರುವ ಕೊಳವೆ ಜೋಡಿಸಿದರು.

ಅದೇ ವರ್ಷದ ಡಿಸೆಂಬರ್ 21ರಂದು ಮುಂದಿನ ಸ್ಯಾಟರ್ನ್ 5 ಹಾರಿದಾಗ ಅದರಲ್ಲಿ ಫ್ರಾಂಕ್ ಬೋರ್ಮನ್, ಜಿಮ್ ಲವೆಲ್, ವಿಲಿಯಂ ಆಂಡರ್ಸ್ ಕುಳಿತಿದ್ದರು. ಸ್ಯಾಕ್ರಮೆಂಟೊದಲ್ಲಿ ಸಿಡಿದುದರ ಬದಲಿಗೆ ಬಂದ ಎಸ್-4ಬಿ ಹಂತವೇ ಅವರದ್ದು. ಎಂಜಿನ್ ಮತ್ತೆ ಹೊತ್ತಿತು, ಐದು ನಿಮಿಷಕ್ಕೂ ಹೆಚ್ಚು ಉರಿಯಿತು. ಮನುಷ್ಯ ಮೊದಲ ಬಾರಿಗೆ ಚಂದ್ರನತ್ತ ಹೊರಟ.

ಪರೀಕ್ಷೆಯಲ್ಲಿ ಪಾಸಾಯಿತು ಎಂದರೆ ಸಾಲದು, ಎಲ್ಲಿ ಪಾಸಾಯಿತು ಎಂಬುದೂ ಮುಖ್ಯ. ಮನುಷ್ಯರ ಜೀವ ಹೊರುವ ಯಂತ್ರವನ್ನು ಅದು ದುಡಿಯುವ ಪರಿಸರದಲ್ಲೇ ಪರೀಕ್ಷಿಸಬೇಕು. ಅದಕ್ಕೆ ತಗಲುವ ಹಣ, ಸಮಯ ಯಾವುದೂ ದುಂದಲ್ಲ. ಗಗನಯಾನಕ್ಕೆ ಸಜ್ಜಾಗುತ್ತಿರುವ ಇಸ್ರೊ ಕೂಡ ತನ್ನ ಸಿಇ-20 ಕ್ರಯೋಜೆನಿಕ್ ಎಂಜಿನ್ ಅನ್ನು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ನಿರ್ವಾತದಲ್ಲೇ ಏಳು ಬಾರಿ ಹೊತ್ತಿಸಿ ನೋಡಿತು. ಅದಾದ ಮೇಲೆಯೇ, 2024ರ ಫೆಬ್ರುವರಿಯಲ್ಲಿ, ಅದು ಮಾನವಯಾನಕ್ಕೆ ಯೋಗ್ಯವೆಂದು ಘೋಷಿಸಿತು.