ಪೋಲೆಂಡಿನಲ್ಲಿ ಅಮ್ಮನ ಊಟ

ಮಗಳು ಓದುತ್ತಿರುವ ಪೋಲೆಂಡಿನ ಕ್ರಾಕೋವ್ ನಗರಕ್ಕೆ ಹೊರಟಾಗ ಡೊಂಬಿವಲಿಯ ನಮ್ಮ ಮನೆಯಲ್ಲಿ ವೀಸಾಕ್ಕಿಂತ ಹೆಚ್ಚು ಚರ್ಚೆಯಾದದ್ದು ಊಟದ ಬಗ್ಗೆ. ಜತೆಗಿದ್ದವರು ಎಪ್ಪತ್ತೊಂದು ವರ್ಷದ ಅಮ್ಮ. ಹುಟ್ಟಿದ್ದು ಉಡುಪಿ ಕಡೆ, ಮೀನು-ಮಾಂಸ ಮುಟ್ಟಿದವರಲ್ಲ. ಅವಲಕ್ಕಿ, ಸಾರಿನ ಪುಡಿ, ಚಟ್ನಿ ಪುಡಿ, ಹಪ್ಪಳ ಪೆಟ್ಟಿಗೆ ಸೇರಿದವು. ತುಪ್ಪ, ಪೇಢೆ ಮನೆಯಲ್ಲೇ ಉಳಿದವು. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ.

ಎರಡನೆಯ ದಿನ ಮಗಳು ತರಗತಿಗೆ ಹೋಗಿದ್ದಳು. ಅಮ್ಮನನ್ನು ಕರೆದುಕೊಂಡು ಒಂದು ಹೋಟೆಲಿಗೆ ಹೋದೆ. ‘ಪಿಯೆರೋಗಿ ರುಸ್ಕಿಯೆ’ ತರಿಸಿದೆ. ನಮ್ಮ ಕರ್ಜಿಕಾಯಿಯ ಆಕಾರ, ಒಳಗೆ ಆಲೂಗಡ್ಡೆ, ಗಿಣ್ಣಿನಂಥ ಬಿಳಿ ಚೀಸ್, ಈರುಳ್ಳಿ. ಮೇಲೆ ಕಂದು ಬಣ್ಣದ ಗರಿಗರಿ ಚೂರುಗಳಿದ್ದವು. ಹುರಿದ ಈರುಳ್ಳಿ ಇರಬೇಕೆಂದುಕೊಂಡೆ. ಒಂದು ಕ್ಷಣ ಅನುಮಾನ ಬಂದದ್ದು ನಿಜ. ಆದರೆ ಭಾಷೆ ಬಾರದು, ಹಿಂದೆ ಸಾಲು ಬೆಳೆಯುತ್ತಿತ್ತು, ಕೇಳಲಿಲ್ಲ.

ಸಂಜೆ ಮಗಳಿಗೆ ಫೋಟೊ ತೋರಿಸಿದೆ. ಅವಳ ಮುಖ ಸಣ್ಣದಾಯಿತು. “ಅಪ್ಪಾ, ಇದು ಸ್ಕ್ವಾರ್ಕಿ. ಹಂದಿಯ ಕೊಬ್ಬು.”

ಅಮ್ಮ ಏನೂ ಹೇಳಲಿಲ್ಲ. ಆ ರಾತ್ರಿ ನೀರು ಮಾತ್ರ ಕುಡಿದರು. ನನಗೂ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಅಂದರು: “ಗೊತ್ತಿಲ್ಲದೆ ತಿಂದದ್ದು ದೇವರಿಗೆ ಬಿಟ್ಟದ್ದು. ಆದರೆ ನಿನಗೆ ಅನುಮಾನ ಬಂದಿತ್ತಲ್ಲ, ಕೇಳ್ಲಿಕ್ಕೆ ಏನು ನಾಚಿಕೆ ಮಾರಾಯ?” ಉತ್ತರವಿರಲಿಲ್ಲ.

ಅಂದು ಮಗಳು ನಮ್ಮನ್ನು ‘ಬಾರ್ ಮ್ಲೆಚ್ನಿ’ಗೆ ಕರೆದೊಯ್ದಳು. ಬಾರ್ ಎಂದೊಡನೆ ಅಮ್ಮ ಹೊಸ್ತಿಲಲ್ಲೇ ನಿಂತರು. “ಇಲ್ಲಿ ಹೆಂಡ ಇಲ್ಲ ಅಜ್ಜಿ, ಹಾಲಿನ ಹೋಟೆಲು.” ಇಂಥ ಮೊದಲ ಹೋಟೆಲು ವಾರ್ಸಾದಲ್ಲಿ ತೆರೆದದ್ದು 1896ರಲ್ಲಿ. ಹಾಲು, ಹಿಟ್ಟು, ಧಾನ್ಯದ ಅಗ್ಗದ ಊಟ. ಕಮ್ಯುನಿಸ್ಟ್ ಕಾಲದಲ್ಲಿ ಇವು ಊರೂರಿಗೆ ಹಬ್ಬಿದವು, ಮಾಂಸವಿಲ್ಲದ ತಿನಿಸುಗಳಿಗೆ ಸರ್ಕಾರದ ಸಹಾಯಧನವೂ ಇದೆ. ಕೌಂಟರಿನಲ್ಲಿ ಹಣ ಕೊಟ್ಟು, ಕಿಂಡಿಯಿಂದ ತಟ್ಟೆ ತೆಗೆದುಕೊಳ್ಳಬೇಕು. ವಿದ್ಯಾರ್ಥಿಗಳು, ಮುದುಕರು ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು.

ನನಗೆ ಮಾಟುಂಗಾ ನೆನಪಾಯಿತು. ರಾಮಾ ನಾಯಕರು 1942ರಲ್ಲಿ ಅಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಮದುವೆಗೆ ಮುಂಚೆ ಒಂಟಿಯಾಗಿ ಮುಂಬಯಿಗೆ ಬಂದಿದ್ದ ಅಪ್ಪ ಉಣ್ಣುತ್ತಿದ್ದದ್ದು ಅಲ್ಲೇ. ಏನನ್ನೂ ಕೇಳದೆ ಎಲೆಯ ಮುಂದೆ ಕೂರುವ ನಿಶ್ಚಿಂತೆ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಕ್ರಾಕೋವ್‌ನಲ್ಲಿ.

ಹೋಗುವವರಿಗೆ ನಾಲ್ಕು ಮಾತು. ತಿಂಡಿಪಟ್ಟಿಯಲ್ಲಿ ‘ಯಾರ್‌ಸ್ಕಿಯೆ’ ಎಂದಿದ್ದರೆ ಸಸ್ಯಾಹಾರ, ಆದರೂ ಕೇಳಿ. ‘ಬೆಜ್ ಮ್ಯೆಂಸಾ’ ಎಂದರೆ ಮಾಂಸವಿಲ್ಲದ್ದು. ಅಲ್ಲಿ ಹಲವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಮಾಂಸರಹಿತ ಊಟದಲ್ಲೂ ಮೀನಿರುತ್ತದೆ. ಹಾಗಾಗಿ ‘ಬೆಜ್ ರಿಬಿ’, ಮೀನೂ ಬೇಡ, ಎಂದು ಸೇರಿಸಿ. ಬೀಟ್‌ರೂಟಿನ ‘ಬಾರ್ಷ್ಚ್’ ಸಾರು ಎಷ್ಟೋ ಕಡೆ ಮಾಂಸದ ನೀರಿನಲ್ಲಿ ಕುದಿದಿರುತ್ತದೆ. ಕೋಸಿನ ಪಲ್ಯದಂತೆ ಕಾಣುವ ‘ಬಿಗೊಸ್’ನಲ್ಲಿ ಮಾಂಸವೇ ಮುಖ್ಯ. ಮೊಟ್ಟೆಯೂ ಬೇಡವೆನ್ನುವವರು ಆಲೂಗಡ್ಡೆಯ ದೋಸೆಯಂಥ ‘ಪ್ಲಾಟ್ಸ್ಕಿ’ಯನ್ನೂ ವಿಚಾರಿಸಿಕೊಳ್ಳಿ.

ಅಮ್ಮನಿಗೆ ಒಗ್ಗಿದ್ದು ಸಬ್ಬಸಿಗೆ ಉದುರಿಸಿದ ಬೇಯಿಸಿದ ಆಲೂಗಡ್ಡೆ, ಮಜ್ಜಿಗೆಯಂಥ ಕೆಫಿರ್, ಸೇಬು ಬೆರೆಸಿದ ಸಿಹಿ ಅನ್ನ. ಮೊಮ್ಮಗಳಿಂದ ಆ ಮಾತುಗಳನ್ನು ಕನ್ನಡದಲ್ಲಿ ಬರೆಸಿಕೊಂಡು, ಉಳಿದ ಹತ್ತು ದಿನವೂ ಕೌಂಟರಿನಲ್ಲಿ ತಾವೇ ಓದಿ ಹೇಳಿದರು. ಒಬ್ಬರೂ ನಗಲಿಲ್ಲ. ಸಾಲಿನಲ್ಲಿದ್ದವರು ಕಾದರು.