ಬಿಚ್ಚುವ ಕೈಗೊಂದು ನೋಟ್‌ಬುಕ್: ಹಳೆಯ ಜೀಪಿಗೆ ಮರುಜೀವ

ಪುತ್ತೂರು, ಸುಳ್ಯ, ಕಡಬದ ಎಷ್ಟೋ ಒಳಹಳ್ಳಿಗಳಿಗೆ ಡಾಮರಿಗಿಂತ ಮೊದಲು ಬಂದದ್ದು ಜೀಪು. ಅಡಿಕೆ ಮೂಟೆ, ಶಾಲೆ ಮಕ್ಕಳು, ಮದುವೆ ದಿಬ್ಬಣ, ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸರು ಎಲ್ಲರನ್ನೂ ಗುಡ್ಡ ಹತ್ತಿಸಿ, ಹೊಳೆ ದಾಟಿಸಿದ ಗಾಡಿ ಅದು. ದುಡಿದು ಹಳತಾದವು ಈಗ ತೋಟದ ಶೆಡ್ಡುಗಳಲ್ಲಿ ಮೂಲೆ ಸೇರಿವೆ. ಗುಜರಿಗೆ ಕೊಡದೆ ಅವನ್ನು ತಾವೇ ಬಿಚ್ಚಿ ಮತ್ತೆ ಓಡಿಸಬೇಕೆನ್ನುವ ಹವ್ಯಾಸಿಗಳಿಗೆ ಮೊದಲ ಮಾತು: ಗಾಡಿ ಉಳಿಯುವುದೂ ಕೆಡುವುದೂ ಬಿಚ್ಚುವ ಹಂತದಲ್ಲೇ.

ಮುಂದೆ ನಿಂತಿರುವುದು ಯಾವ ಜೀಪು ಎಂಬುದನ್ನು ಮೊದಲು ತಿಳಿಯಬೇಕು. ಬಾನೆಟ್ ಎತ್ತರವಾಗಿದ್ದರೆ ಅದು ಬಹುಶಃ ಸಿಜೆ-3ಬಿ. ಅಮೆರಿಕದ ವಿಲ್ಲಿಸ್ 1953ರಲ್ಲಿ ತಂದ ಈ ಮಾದರಿಯನ್ನು ಮಹೀಂದ್ರಾ ನಮ್ಮಲ್ಲಿ ದಶಕಗಳ ಕಾಲ ತಯಾರಿಸಿತು. ಅದರ 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಸೇರುವ ಗಾಳಿಯ ವಾಲ್ವ್ ಹೆಡ್‌ನಲ್ಲಿದೆ, ಹೊಗೆಯ ವಾಲ್ವ್ ಬ್ಲಾಕ್‌ನಲ್ಲಿದೆ. ಎಂಜಿನ್ ಎತ್ತರವಾದ್ದರಿಂದ ಬಾನೆಟ್ಟೂ ಏರಿತು. ಆದರೆ ಪೆಟ್ರೋಲ್ ಖರ್ಚು ತಾಳದೆ ಎಷ್ಟೋ ಮಾಲೀಕರು ಡೀಸೆಲ್ ಎಂಜಿನ್ ಕೂರಿಸಿಕೊಂಡಿದ್ದರು. ಹಾಗಾಗಿ ಎಂಜಿನ್, ಚಾಸಿ ನಂಬರುಗಳನ್ನು ಆರ್‌ಸಿ ಜೊತೆ ತಾಳೆ ನೋಡಿಯೇ ಸ್ಪ್ಯಾನರ್ ಹಿಡಿಯಬೇಕು.

ಬ್ಯಾಟರಿ ಕಳಚಿ, ಸೀಟಿನಡಿಯ ಟ್ಯಾಂಕ್ ಖಾಲಿ ಮಾಡಿದ ಮೇಲೆ ಉಳಿದ ಕೆಲಸ. ಪ್ರತಿ ವೈರಿಗೂ ಚೀಟಿ, ಪ್ರತಿ ಜೋಡಣೆಗೂ ಫೋಟೊ, ಪ್ರತಿ ಭಾಗದ ಬೋಲ್ಟಿಗೂ ಬೇರೆ ಡಬ್ಬಿ, ಎಲ್ಲವನ್ನೂ ಬರೆದಿಡಲು ಒಂದು ನೋಟ್‌ಬುಕ್ ಬೇಕು. ವಿಲ್ಲಿಸ್ ಕಾಲದ ಗಾಡಿಗಳಲ್ಲಿ ಎಡಬದಿ ಚಕ್ರದ ನಟ್ಟುಗಳು ಲೆಫ್ಟ್ ಥ್ರೆಡ್ ಇರುವುದುಂಟು. ಗೊತ್ತಿಲ್ಲದೆ ರೂಢಿಯಂತೆ ತಿರುಗಿಸಿದರೆ ಸಡಿಲವಾಗುವ ಬದಲು ಇನ್ನಷ್ಟು ಬಿಗಿದು ಬೋಲ್ಟೇ ಮುರಿಯುತ್ತದೆ. ತುಕ್ಕು ಹಿಡಿದ ನಟ್ಟಿಗೆ ರಾತ್ರಿಯೇ ಎಣ್ಣೆ ಬಿಟ್ಟು ಬೆಳಗಿನವರೆಗೆ ಕಾಯುವುದು ಜಾಣತನ. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರಬಹುದು. ಆ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಬಾಡಿ ಎತ್ತಿದಾಗ ನಮ್ಮ ಮಳೆಗಾಲಗಳ ಲೆಕ್ಕ ಸಿಗುತ್ತದೆ. ಫ್ಲೋರಿನಡಿಯ ಪಟ್ಟಿಗಳಲ್ಲಿ, ಚಾಸಿಯ ಸಂದುಗಳಲ್ಲಿ ಕುಳಿತ ಕೆಂಪು ಮಣ್ಣು ನೀರು ಹಿಡಿದಿಟ್ಟು ಕಬ್ಬಿಣ ತಿಂದಿರುತ್ತದೆ. ಮೇಲೆ ಬಣ್ಣ ಬಳಿದರೆ ಇದು ಮುಚ್ಚೀತು, ಗುಣವಾಗದು. ಕೊಳೆತಷ್ಟನ್ನೇ ಕತ್ತರಿಸಿ ಹೊಸ ತಗಡು ಬೆಸೆದು, ಗಟ್ಟಿಯಿರುವ ಮೂಲಭಾಗ ಉಳಿಸಿಕೊಳ್ಳಬೇಕು.

ಮೂಲರೂಪ ಉಳಿಸಲು ಕಾನೂನಿನ ಕಾರಣವೂ ಇದೆ. ಕೇಂದ್ರ ಸರ್ಕಾರದ 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಿಲ್ಲದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಅದರ ಅವಧಿ 10 ವರ್ಷ. ಆದರೆ ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ.

ಎಂಜಿನ್ ಬಿಚ್ಚುವ ದಿನ ಊರಿನ ಹಿರಿಯ ಮೆಕ್ಯಾನಿಕರೊಬ್ಬರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಘಾಟಿಯಲ್ಲಿ ಏನು ಕೈಕೊಡುತ್ತಿತ್ತು, ಯಾವ ಶಬ್ದಕ್ಕೆ ಯಾವ ಬೇರಿಂಗ್ ಕಾರಣ ಎಂಬುದು ಕಂಪನಿಯ ಪುಸ್ತಕದಲ್ಲಿಲ್ಲ, ಅವರಿಗೆ ಗೊತ್ತು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಗಾಡಿಯ ಜೊತೆ ಒಂದು ತಲೆಮಾರಿನ ವಿದ್ಯೆಯೂ ಉಳಿಯುತ್ತದೆ.