ಗುಂಡಿಗೆಯ ಜಾತಕ

ಪೀಣ್ಯದ ಕಾರ್ಖಾನೆಯಲ್ಲಿಯೋ ವೈಟ್‌ಫೀಲ್ಡಿನ ಕಂಪ್ಯೂಟರ್ ಕಚೇರಿಯಲ್ಲಿಯೋ ದುಡಿಯುವ, ನಲವತ್ತೈದರ ಪ್ರಾಯದವರೊಬ್ಬರಿಗೆ ಹೃದಯಾಘಾತವಾಯಿತೆಂದು ಕೇಳಿದೊಡನೆ ನಾವು ಏನೆನ್ನುತ್ತೇವೆ? ಸಿಗರೇಟು ಸೇದುತ್ತಿದ್ದರೆ, ನಿದ್ದೆಗೆಡುತ್ತಿದ್ದರೆ ಎಂದು ವಿಚಾರಿಸುತ್ತೇವೆ. ಅದು ಯುಕ್ತವೇ. ಆದರೆ ಹುಟ್ಟಿದಾಗ ಅವರ ತೂಕ ಎಷ್ಟಿತ್ತೆಂದು ಕೇಳುವವರು ವಿರಳ.

ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ಕೇಳಿದರು. ಹರ್ಟ್‌ಫರ್ಡ್‌ಷೈರಿನ ಹಳೆಯ ಜನನ ದಾಖಲೆಗಳನ್ನು ಶೋಧಿಸಿ, ಕಡಮೆ ತೂಕದ ಶಿಶುಗಳಾಗಿದ್ದ ಗಂಡಸರಲ್ಲಿ ಹೃದ್ರೋಗದ ಮರಣ ಹೆಚ್ಚೆಂದು 1989ರಲ್ಲಿ ತಿಳಿಸಿದರು. ಅಂತಹ ದಾಖಲೆಗಳು ನಮ್ಮಲ್ಲಿಯೂ ಇದ್ದುವು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. 1934ರಿಂದ 1954ರೊಳಗೆ ಅಲ್ಲಿ ಜನಿಸಿ, ಆಸುಪಾಸಿನಲ್ಲೇ ನೆಲಸಿದ್ದ 517 ಮಂದಿಯನ್ನು ಮುಂದೆ ಪರೀಕ್ಷಿಸಲಾಯಿತು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕೂ ಕಡಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋಗ್ರಾಂಗಿಂತ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಗರ್ಭಿಣಿಯಾಗಿದ್ದಾಗ ತಾಯಿಯ ತೂಕವೂ 45 ಕಿಲೋಗ್ರಾಂಗಿಂತ ಕಡಮೆಯಿದ್ದಲ್ಲಿ, ಸಣ್ಣ ಶಿಶುಗಳಾಗಿದ್ದವರಲ್ಲಿ ನೂರಕ್ಕೆ 20!

ಇದೇಕೆ ಹೀಗೆ? ಒಂದು ಪ್ರಯೋಗವನ್ನು ಮನಸ್ಸಿಗೆ ತಂದುಕೊಳ್ಳಿ. ಕಿರಿದಾದ ಬಾಯುಳ್ಳ ಗಾಜಿನ ಕೊಳವೆಯೊಳಕ್ಕೆ ನೀರನ್ನು ಬಿಟ್ಟುಬಿಟ್ಟು ಒತ್ತಿದರೆ, ನೀರು ಚಿಮ್ಮಿ ಚಿಮ್ಮಿ ನಿಲ್ಲುತ್ತದೆ. ಮೆತ್ತನೆಯ ರಬ್ಬರ್ ಕೊಳವೆಯಾದರೋ ಪ್ರತಿ ಒತ್ತಿಗೂ ಹಿಗ್ಗಿ, ಬಿಡುವಿನಲ್ಲಿ ಕುಗ್ಗಿ, ನೀರನ್ನು ಹೆಚ್ಚು ಕಡಮೆ ಒಂದೇ ಸಮನೆ ಹರಿಸುತ್ತದೆ. ನಮ್ಮ ಮಹಾಧಮನಿಯ ಕೆಲಸವೂ ಇದೇ. ಅದಕ್ಕೆ ಈ ಸ್ಥಿತಿಸ್ಥಾಪಕತೆಯನ್ನು ಕೊಡುವ ಎಲಾಸ್ಟಿನ್ ಎಂಬ ಪ್ರೋಟೀನು ಬಹುಮಟ್ಟಿಗೆ ಗರ್ಭದಲ್ಲಿಯೂ ಶೈಶವದಲ್ಲಿಯೂ ತಯಾರಾಗುತ್ತದೆ. ಪ್ರಾಯದಲ್ಲಿ ಹೊಸದಾಗಿ ಸೇರುವುದು ಅತ್ಯಲ್ಪ. ಗರ್ಭದಲ್ಲಿ ಪೋಷಣೆ ಸಾಲದಾದರೆ ಧಮನಿ ಪೆಡಸಾಗಿ, ಮುಂದೆ ರಕ್ತದ ಒತ್ತಡ ಏರಬಹುದೆಂದು ಒಂದು ಊಹೆ. ಮೂತ್ರಪಿಂಡದ ಸೋಸುಕಗಳೂ ಹಾಗೆಯೇ: ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಅವುಗಳ ಸಂಖ್ಯೆ ಮತ್ತೆ ಹೆಚ್ಚುವುದಿಲ್ಲ.

ಹಾಗಾದರೆ ಕಡಮೆ ತೂಕದಿಂದ ಹುಟ್ಟಿದವರ ಹಣೆಯ ಬರಹ ಮುಗಿಯಿತೆ? ಇಲ್ಲ. ಮೈಸೂರಿನ ಲೆಕ್ಕವನ್ನೇ ಮತ್ತೊಮ್ಮೆ ನೋಡಿ: ಸಣ್ಣ ಶಿಶುಗಳಾಗಿದ್ದವರಲ್ಲಿ ನೂರಕ್ಕೆ 89 ಮಂದಿಗೆ ರೋಗವಿರಲಿಲ್ಲ. ಪರೀಕ್ಷೆಗೆ ಒಳಗಾದವರೂ ಕೆಲವೇ ಮಂದಿ. ಇದೊಂದೇ ಕಡೆಯ ಮಾತಲ್ಲ. ಹೊಗೆಸೊಪ್ಪು, ರಕ್ತದೊತ್ತಡ, ಸಕ್ಕರೆಕಾಯಿಲೆ, ಸ್ಥೂಲಕಾಯಗಳ ಪಾತ್ರ ಇದರಿಂದ ಕಿರಿದಾಗುವುದಿಲ್ಲ. ಸಣ್ಣಗೆ ಹುಟ್ಟಿದವರು ಇವುಗಳ ವಿಷಯದಲ್ಲಿ ಇತರರಿಗಿಂತ ಎಚ್ಚರದಿಂದಿರಬೇಕು, ಅಷ್ಟೆ.

ಜಾತಕವನ್ನು ತಿದ್ದಲಾಗದೆನ್ನುತ್ತಾರೆ. ಈ ಜಾತಕವನ್ನು ಬರೆಯುವುದಕ್ಕೆ ಮೊದಲೇ ತಿದ್ದಬಹುದು. ಬೆಳಗಿನ ಊಟವಿಲ್ಲದೆ ಪೀಣ್ಯದ ಬಸ್ಸು ಹತ್ತುವ ಹೆಣ್ಣುಮಗಳು ನಾಳೆಯ ತಾಯಿ. ಆಕೆಗೆ ಇಂದು ಹೊಟ್ಟೆತುಂಬ ಒಳ್ಳೆಯ ಆಹಾರ ದೊರೆತರೆ, ಐವತ್ತು ವರ್ಷಗಳಾಚೆಯ ಒಂದು ಗುಂಡಿಗೆಗೆ ಇಂದೇ ಚಿಕಿತ್ಸೆ ಮಾಡಿದಂತೆ.